ಅಕ್ಕನ ಪಟಕ್ಕೆ ಕೂತವಳು

ಸೆರಾಫಿನ್ ಹದಿನೆಂಟು ತುಂಬಿದ ವರ್ಷ ಕೊಡಗಿನ ಅಮ್ಮತ್ತಿಯ ಹತ್ತಿರವಿದ್ದ ಕಾನ್ವೆಂಟಿಗೆ ಸೇರಿದಳು. ಅಲ್ಲಿ ಅವಳಿಗೆ ಸಿಸ್ಟರ್ ಬ್ರಿಜಿತ್ತಾ ಎಂದು ಹೆಸರಿಟ್ಟರು. ಮನೆಯವರಿಗೆ ಮಾತ್ರ ಅವಳು ಕೊನೆಯವರೆಗೂ ಸೆರಾ. ಅಪ್ಪ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಹಿರಿಯ ಮಗಳನ್ನು ದೇವರಿಗೆ ಒಪ್ಪಿಸಿದೆ ಎಂದು ಇಗರ್ಜಿಯಲ್ಲಿ ಎಲ್ಲರ ಮುಂದೆ ತಲೆಯೆತ್ತಿ ನಿಂತ ತಾಯಿ ಕಾರ್ಮಿನ್ ಬಾಯಿ, ಮನೆಗೆ ಬಂದು ಮೂರು ದಿನ ಒಲೆ ಹಚ್ಚಲಿಲ್ಲ. ಆ ಮೂರು ದಿನ ಅಡುಗೆ ಮಾಡಿದವಳು ಹದಿನೈದು ವರ್ಷದ ಕಿರಿಯ ಮಗಳು ಜುಲಿಯಾನಾ. ಅಂದಿನಿಂದ ಅಡುಗೆಮನೆ ಅವಳ ಕೊರಳಿಗೇ ಬಿತ್ತು.

ಮೂರು ವರ್ಷದ ಬಳಿಕ ಜುಲಿಯಾನಾಗೆ ಲಿಗೋರಿಯೊಂದಿಗೆ ಮದುವೆಯಾಯಿತು. ಅವನು ಬಿಟ್ಟಂಗಾಲದ ಬಳಿಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಪಿಕ್ಕಿಂಗ್ ಎನ್ನುವ ಕಾಫಿ ಕೊಯ್ಲು ಬಂದಾಗ ಹಣ್ಣು ಅಳೆಸುವುದು ಅವನ ಕೆಲಸ. ಎಸ್ಟೇಟಿನವರು ಕೊಟ್ಟ ಎರಡು ಕೋಣೆಯ ಹಂಚಿನ ಮನೆಗೆ ಅವಳು ತಾಯಿಯನ್ನೂ ಕರೆದುಕೊಂಡು ಬಂದಳು. ಮನೆಯ ಕೆಳಗಿನ ಇಳಿಜಾರಿನಲ್ಲಿ ಆಳುಗಳ ಸಾಲುಮನೆಗಳು, ಅಂದರೆ ಲೈನುಗಳು. ಅಲ್ಲಿಯವರೆಲ್ಲ ಅವಳನ್ನು ರೈಟರಮ್ಮ ಎಂದು ಕರೆಯುತ್ತಿದ್ದರು. ಐದು ವರ್ಷದಲ್ಲಿ ಎರಡು ಮಕ್ಕಳಾದವು.

ಸೆರಾ ನರ್ಸಿಂಗ್ ಕಲಿತು ಬಂದು ಕಾನ್ವೆಂಟಿನ ದವಾಖಾನೆ ನೋಡಿಕೊಳ್ಳುತ್ತಿದ್ದಳು. ವಾರಕ್ಕೆ ನಾಲ್ಕು ದಿನ ಔಷಧಿಯ ಚೀಲ ಹೆಗಲಿಗೇರಿಸಿಕೊಂಡು ಎಸ್ಟೇಟುಗಳ ಲೈನುಗಳಿಗೆ ನಡೆಯುತ್ತಿದ್ದಳು. ಚೆಂದದ ಹೆಂಗಸೇನಲ್ಲ. ಕೆನ್ನೆಯ ಮೇಲೆ ಸಿಡುಬಿನ ಕಲೆಗಳಿದ್ದವು. ಚಿಕ್ಕಂದಿನಲ್ಲಿ ಸೀಬೆ ಮರದಿಂದ ಬಿದ್ದು ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಮಾತು ಒರಟು. ನೀರು ಕುದಿಸದೆ ಕುಡಿಸಿದ ತಾಯಂದಿರಿಗೆ ಅವಳು ಬೈಯುವುದು ಮೂರು ಲೈನಿನಾಚೆಗೂ ಕೇಳುತ್ತಿತ್ತು. ಅವಳು ಬರುವುದನ್ನು ದೂರದಿಂದ ಕಂಡರೆ ಹೆಂಗಸರು ಮೊದಲು ನೀರಿನ ಪಾತ್ರೆಗೆ ಮುಚ್ಚಳ ಹುಡುಕುತ್ತಿದ್ದರು. ಆದರೂ ಯಾರಿಗಾದರೂ ಹೆರಿಗೆ ಕಷ್ಟವಾದರೆ ಅವಳನ್ನೇ ಕರೆಯುತ್ತಿದ್ದರು.

1957ರ ಜುಲೈಯಲ್ಲಿ ಫ್ಲೂ ಜ್ವರ ಬಂತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಮಳೆಗಾಲ ಅದು. ಲೈನಿನ ಒಂದೊಂದು ಕೋಣೆಯಲ್ಲೂ ಇಬ್ಬರು ಮೂವರು ಮಲಗಿದರು. ಬೆಳಿಗ್ಗೆ ಎಸ್ಟೇಟಿನ ಗಂಟೆ ಹೊಡೆದರೆ ಕೆಲಸಕ್ಕೆ ಬರುವವರು ಅರ್ಧವೂ ಇಲ್ಲ. ಕಾನ್ವೆಂಟಿನಲ್ಲಿ ನಾಲ್ಕು ಮಂದಿ ಸಿಸ್ಟರುಗಳು ಹಾಸಿಗೆ ಹಿಡಿದರು. ಲೈನುಗಳಿಗೆ ಹೋಗಬಲ್ಲವಳು ಸೆರಾ ಒಬ್ಬಳೇ ಉಳಿದಳು. ಹದಿನೆಂಟು ದಿನ ಅವಳು ಒಂದು ಎಸ್ಟೇಟಿನಿಂದ ಇನ್ನೊಂದಕ್ಕೆ ಮಳೆಯಲ್ಲೇ ನಡೆದಳು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಅವಳು ತಂಗಿಯ ಮನೆಗೆ ಬಂದಳು. ಉಡುಪಿನ ಅಂಚಿನಿಂದ ನೀರು ಇಳಿಯುತ್ತಿತ್ತು. ಊಟ ಬೇಡ ಎಂದಳು. ಕಾಫಿಯೂ ಬೇಡ.

"ಜುಲ್ಲಿ, ಒಂದು ಗಂಟೆ ಮಲಗೋಕೆ ಬಿಡು. ಯಾರು ಬಂದ್ರೂ ಎಬ್ಬಿಸಬೇಡ."

ಒಲೆಯ ಪಕ್ಕ ಮಕ್ಕಳ ಚಾಪೆಯ ಮೇಲೆ ಅವಳು ಬಿದ್ದಕೂಡಲೇ ನಿದ್ದೆ ಹೋದಳು. ಬಾಯಿ ತೆರೆದು, ಮುರಿದ ಹಲ್ಲು ಕಾಣಿಸುತ್ತ ಮಲಗಿದ್ದ ಅಕ್ಕನ ಮೇಲೆ ಜುಲಿಯಾನಾ ಒಂದು ಒಣ ಸೀರೆ ಹೊದಿಸಿದಳು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಲೈನಿನಿಂದ ಆಳುಗಳ ಮೇಸ್ತ್ರಿ ಓಡಿ ಬಂದ. ಮಾರಿ ಎಂಬ ಆಳಿಗೆ ಜ್ವರ ಏರಿ ಉಸಿರು ಸಿಗುತ್ತಿಲ್ಲ, ಎಂಟು ತಿಂಗಳ ಬಸುರಿ, ಸಿಸ್ಟರಮ್ಮ ಈ ಕಡೆ ಬಂದದ್ದನ್ನು ಯಾರೋ ನೋಡಿದರಂತೆ ಎಂದ.

ಇಲ್ಲ, ಇಲ್ಲಿಗೆ ಬಂದಿಲ್ಲ ಎಂದು ಹೇಳಬಹುದಿತ್ತು. ಬಾಗಿಲಲ್ಲಿ ನಿಂತು ಜುಲಿಯಾನಾ ಒಂದು ಕ್ಷಣ ಅದನ್ನು ಯೋಚಿಸಿದಳು. ಆಮೇಲೆ ಒಳಗೆ ಹೋಗಿ ಅಕ್ಕನ ಭುಜ ಅಲುಗಿಸಿದಳು. ಮೂರು ಸಲ ಅಲುಗಿಸಬೇಕಾಯಿತು.

ಸೆರಾ ಎದ್ದು ಕೂತಳು. ಕಣ್ಣು ತೆರೆಯದೆಯೇ ಹೇಳಿದಳು: "ಸತ್ತ ಮೇಲಾದ್ರೂ ಮಲಗೋಕೆ ಬಿಡ್ತೀರಾ, ಇಲ್ಲ ಆಗ್ಲೂ ಬಂದು ಎಬ್ಬಿಸ್ತೀರಾ?"

ತಂಗಿಯ ಮುಖವನ್ನೂ ನೋಡದೆ ಚೀಲ ಎತ್ತಿಕೊಂಡು ಇಳಿಜಾರು ಇಳಿದು ಹೋದಳು. ಕೊಡೆಯನ್ನು ಬಾಗಿಲ ಮೂಲೆಯಲ್ಲೇ ಬಿಟ್ಟಿದ್ದಳು. ಜುಲಿಯಾನಾ ಅದನ್ನು ಹಿಡಿದು ಅಂಗಳದವರೆಗೆ ಓಡಿ ಕರೆದಳು. ಮಳೆಯ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ.

ಮಾರಿ ಬದುಕಿದಳು. ಎರಡು ರಾತ್ರಿ ಎರಡು ಹಗಲು ಸೆರಾ ಅವಳ ಪಕ್ಕದಲ್ಲಿದ್ದಳು. ತಿಂಗಳು ತುಂಬುವ ಮೊದಲೇ ಹುಟ್ಟಿದ ಹೆಣ್ಣು ಮಗುವನ್ನು ಅರಳೆಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಗಳ ನಡುವೆ ಇಟ್ಟು ಉಳಿಸಿದಳು. ಕಾನ್ವೆಂಟಿಗೆ ಮರಳುವಾಗ ಅವಳಿಗೇ ಜ್ವರ ಬಂದಿತ್ತು. ಒಂದು ವಾರದ ನಂತರ ತೀರಿಕೊಂಡಳು. ಇಪ್ಪತ್ತಾರು ವರ್ಷ. ಜ್ವರ ಹರಡುತ್ತದೆ ಎಂದು ಮನೆಯವರನ್ನು ಒಳಗೆ ಬಿಡಲಿಲ್ಲ. ಜುಲಿಯಾನಾ ಅಕ್ಕನನ್ನು ಮತ್ತೆ ನೋಡಿದ್ದು ಪೆಟ್ಟಿಗೆ ಮುಚ್ಚಿದ ಮೇಲೆ.

ಸಮಾಧಿಗೆ ಮೊದಲು ಬಂದವಳು ಮಾರಿ. ಬಾಣಂತನ ಮುಗಿಯುತ್ತಲೇ ಮಗುವನ್ನು ಎತ್ತಿಕೊಂಡು ನಡೆದು ಬಂದು, ಒದ್ದೆ ಮಣ್ಣಿನ ಮೇಲೆ ಅದನ್ನು ಮಲಗಿಸಿ ಎತ್ತಿಕೊಂಡಳು. ಮಗುವಿಗೆ ಚಿನ್ನ ಎಂದು ಹೆಸರಿಟ್ಟಿದ್ದಳು. ಸಿಸ್ಟರಮ್ಮ ತನ್ನ ಉಸಿರನ್ನು ನನಗೆ ಕೊಟ್ಟು ಹೋದರು ಎಂದು ಅವಳು ಲೈನಿನಲ್ಲಿ ಹೇಳಿದಳು. ಅದು ಬೇರೆ ಎಸ್ಟೇಟುಗಳಿಗೂ ಹಬ್ಬಿತು. ಕ್ರಿಸ್ಮಸ್ ಹೊತ್ತಿಗೆ ಭಾನುವಾರ ಭಾನುವಾರ ಇಪ್ಪತ್ತು ಮೂವತ್ತು ಜನ ಬರತೊಡಗಿದರು. ತಮಿಳರು, ಮಲೆಯಾಳಿಗಳು, ಎರವರು, ಗೌಡರು, ಯಾರು ಎಂದು ಕೇಳುವಂತಿರಲಿಲ್ಲ. ಮಕ್ಕಳ ಜ್ವರಕ್ಕೆ, ಹೆರಿಗೆಗೆ, ಕೆಮ್ಮಿಗೆ ಸಮಾಧಿಯ ಮಣ್ಣು ಒಯ್ಯುತ್ತಿದ್ದರು. ಮಣ್ಣು ತಗ್ಗಾಗಿ ಎರಡು ಸಲ ಹೊಸದಾಗಿ ತುಂಬಿಸಬೇಕಾಯಿತು.

ಅಲ್ಲಿನ ಪಾದ್ರಿ ಫಾದರ್ ಗ್ರಾಸಿಯನ್ ಐವತ್ತು ದಾಟಿದವರು, ಒಳ್ಳೆಯ ಮನುಷ್ಯ. ಲೈನಿನ ಬಡವರಿಗೆ ತಮ್ಮವರೆನ್ನುವ ಒಬ್ಬ ಸಂತಳಿರಲಿ ಎಂದು ಅವರಿಗೆ ನಿಜವಾಗಿ ಆಸೆಯಿತ್ತು. ಫೆಬ್ರವರಿಯಲ್ಲಿ ಅವರು ರೈಟರ ಮನೆಗೆ ಬಂದರು. ಸಿಸ್ಟರ್ ಬ್ರಿಜಿತ್ತಾಳ ಬಗ್ಗೆ ಒಂದು ಕರಪತ್ರ ಅಚ್ಚು ಹಾಕಿಸಬೇಕು, ಆದರೆ ಅವಳ ಫೋಟೋ ಇಲ್ಲ ಎಂದರು. ಕಾನ್ವೆಂಟಿನಲ್ಲಿ ಇರುವುದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೆಗೆದ ಒಂದೇ ಪಟ, ಅದರಲ್ಲಿ ಅವಳು ತಲೆ ಅಲುಗಿಸಿದ್ದರಿಂದ ಮುಖ ಬರೀ ಬಿಳಿ ಮಬ್ಬು. ಇಗರ್ಜಿಯಲ್ಲಿ ಪಟವಿದ್ದ ಫ್ರಾನ್ಸಿನ ಸಂತಳು ಚಿಕ್ಕ ತೆರೇಸಮ್ಮನ ಮಾತು ತೆಗೆದರು. ಇಪ್ಪತ್ತನಾಲ್ಕಕ್ಕೆ ಕ್ಷಯದಿಂದ ತೀರಿಕೊಂಡ ಹುಡುಗಿ, ಮಠದ ಗೋಡೆ ದಾಟಿದವಳಲ್ಲ, ಆದರೂ ಅವಳ ಮುಖ ಇಂದು ಲೋಕದ ಮೂಲೆಮೂಲೆಗೂ ಗೊತ್ತು ಎಂದರು. ಆಮೇಲೆ ಜುಲಿಯಾನಾಳ ಕಡೆ ನೋಡಿ, ನೀವಿಬ್ಬರೂ ಒಂದೇ ಅಚ್ಚು ಅಲ್ಲವೇ, ಅವಳ ಉಡುಪಿನಲ್ಲಿ ನೀನು ಒಂದು ಪಟಕ್ಕೆ ಕೂತರಾಗದೇ ಎಂದು ಕೇಳಿದರು.

ಅವಳು ಮೂರನೆಯ ಬಸುರಿ. ಬೆಳಗಿನಿಂದ ವಾಂತಿಯಾಗಿ ಸೋತಿದ್ದಳು. ಅದು ಸುಳ್ಳು ಹೇಳಿದಂತಾಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದಳು. ಒಂದೇ ತಾಯಿಯ ಮಕ್ಕಳ ಮುಖ, ಅದರಲ್ಲಿ ಸುಳ್ಳೇನು ಬಂತು ಎಂದರು ಫಾದರ್. ಕಾರ್ಮಿನ್ ಬಾಯಿ ಒಳಗಿನಿಂದ ಬಂದು, ನನಗೂ ಒಂದು ಪಟ ಸಿಗುತ್ತದೆಯೇ ಎಂದು ಕೇಳಿದರು. ತಾಯಿಯ ಆ ಮಾತಿಗೆ ಜುಲಿಯಾನಾ ಒಪ್ಪಿಕೊಂಡಳು.

ಕಾನ್ವೆಂಟಿನ ಮೇಲಿನವರಾದ ಮದರ್ ಕ್ಲೋಟಿಲ್ಡಾಗೆ ಇದು ಸರಿ ಕಾಣಲಿಲ್ಲ. ವ್ರತ ತೆಗೆದುಕೊಳ್ಳದವಳು ಆ ಉಡುಪು ಹಾಕಬಾರದು ಎಂದರು. ಕೊನೆಗೆ ಪಾದ್ರಿಗಳ ಮಾತಿಗೆ ಇಲ್ಲವೆನ್ನಲಾರದೆ ಸೆರಾಳ ಎರಡನೆಯ ಜೊತೆ ಉಡುಪನ್ನೇ ಕಾಗದದಲ್ಲಿ ಸುತ್ತಿ ಕಳಿಸಿಕೊಟ್ಟರು. ವಿರಾಜಪೇಟೆಯಲ್ಲಿ ಬೋಜಪ್ಪನವರ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಜುಲಿಯಾನಾ ಅದನ್ನು ಹಾಕಿಕೊಂಡಳು. ತೋಳಿನ ಅಂಚಿಗೆ ಅಕ್ಕನ ಕೈಯ ಹೊಲಿಗೆ ಇತ್ತು. ಎಷ್ಟು ಒಗೆದರೂ ಫಿನಾಯಿಲಿನ ವಾಸನೆ ಹೋಗಿರಲಿಲ್ಲ. ಹೊಟ್ಟೆಯ ಬಳಿ ಕಟ್ಟು ಸೇರಲಿಲ್ಲ. ಎದೆಯವರೆಗೆ ಮಾತ್ರ ತೆಗೆಯುತ್ತೇನೆ, ಚಿಂತೆಯಿಲ್ಲ ಎಂದರು ಬೋಜಪ್ಪ.

ಬಸ್ಸಿನ ಪ್ರಯಾಣದಿಂದ ಅವಳಿಗೆ ತಲೆ ಸುತ್ತುತ್ತಿತ್ತು. ಕಣ್ಣು ಸ್ವಲ್ಪ ಮೇಲೆತ್ತಿ ಎಂದು ಅವರು ಹೇಳಿದಾಗ ಎತ್ತಿದಳು. ಬೇಗ ಮುಗಿದರೆ ಸಾಕಿತ್ತು. ಬೋಜಪ್ಪ ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸಿ ಕಣ್ಣ ಕೆಳಗಿನ ಕಪ್ಪನ್ನು ತೆಳುವಾಗಿಸಿದರು, ಹಿಂದೆ ಒಂದಿಷ್ಟು ಬೆಳಕು ಬಿಟ್ಟರು. ಪಟ ಬಂದಾಗ ಎಲ್ಲರೂ ಬೆರಗಾದರು. ಅಷ್ಟು ಕರುಣೆಯ ಕಣ್ಣುಗಳನ್ನು ತಾವು ನೋಡಿಯೇ ಇಲ್ಲ ಎಂದರು ಫಾದರ್ ಗ್ರಾಸಿಯನ್. ಜುಲಿಯಾನಾಗೆ ಅದರಲ್ಲಿ ಕಂಡದ್ದು ಮನೆಗೆ ಹೋಗಿ ಮಲಗಬೇಕು ಎಂದುಕೊಳ್ಳುತ್ತಿದ್ದ ಒಬ್ಬ ಬಸುರಿ. ಮುಖದ ಮೇಲೆ ಕಲೆಯಿರಲಿಲ್ಲ. ಬಾಯಿ ಮುಚ್ಚಿದ್ದರಿಂದ ಹಲ್ಲಿನ ಮಾತೇ ಇಲ್ಲ.

ಕರಪತ್ರ ಕನ್ನಡದಲ್ಲೂ ತಮಿಳಿನಲ್ಲೂ ಬಂತು. ನನ್ನ ಜೀವ ಹೋದರೂ ಚಿಂತೆಯಿಲ್ಲ, ಆ ತಾಯಿ ಬದುಕಲಿ ಎಂದು ನಗುತ್ತ ಹೊರಟಳು ಎಂದು ಅದರಲ್ಲಿ ಬರೆದಿತ್ತು. ಜುಲಿಯಾನಾ ಅದನ್ನು ಓದಿ ಮಡಚಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟಳು. ನಿಜವಾಗಿ ಏನು ನಡೆಯಿತೆಂದು ಅವಳನ್ನು ಯಾರೂ ಕೇಳಿರಲಿಲ್ಲ.

ಆಮೇಲಿನ ವರ್ಷಗಳು ಅವಳನ್ನು ಸ್ವಲ್ಪಸ್ವಲ್ಪವಾಗಿ ತಿಂದವು. ಅಮ್ಮತ್ತಿಯ ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಪಟದ ಮುಖ ಗುರುತಿಸಿ ಯಾರೋ ಹಿಂದಿನಿಂದ ಬಂದು ಸೆರಗಿನ ಅಂಚನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಹೆಂಗಸರು ಎದ್ದು ಜಾಗ ಕೊಡುತ್ತಿದ್ದರು. ಅದು ಮೊದಮೊದಲು ಅನುಕೂಲವೇ ಆಗಿತ್ತು. ಆಮೇಲೆ ಅವರೆಲ್ಲ ಅವಳನ್ನೇ ನೋಡುತ್ತ ಕೂರುತ್ತಿದ್ದರಿಂದ ಮಕ್ಕಳಿಗೆ ಒಂದು ಮಾತು ಬೈಯುವುದಕ್ಕೂ ಆಗುತ್ತಿರಲಿಲ್ಲ. ಹಾಲು ತರುತ್ತಿದ್ದ ಬೊಳ್ಳಮ್ಮ ಸಂಪಾಜೆ ಕಡೆಯ ಗೌಡರವಳು, ಅರೆಭಾಷೆ ಮಾತಾಡುವವಳು. ಅವಳೊಂದು ದಿನ ಹಾಲಿನ ಚೊಂಬು ಕೆಳಗಿಟ್ಟು ಕೈ ಮುಗಿದಳು. "ನಮ್ಮ ಮನೆಲಿ ದೇವರ ಹಕ್ಕಲಿ ಈ ಅಮ್ಮನ ಪಟನೂ ಉಟ್ಟು," ಎಂದಳು. ದೇವರ ಪಕ್ಕದಲ್ಲೇ ಪಟ ಇಟ್ಟಿದ್ದಳಂತೆ. ಅಂದಿನಿಂದ ಹಾಲು ತೆಳ್ಳಗಿದ್ದರೂ ಜುಲಿಯಾನಾಗೆ ಅದನ್ನು ಹೇಳಲಾಗಲಿಲ್ಲ.

ಲಿಗೋರಿಗೆ ಇದು ಹಿಡಿಸಲಿಲ್ಲ. ಹಾಜರಿ ಕೂಗುವಾಗ ಆಳುಗಳು ತನ್ನನ್ನು ಸಂತಳ ಗಂಡ ಎಂಬಂತೆ ನೋಡುತ್ತಾರೆ, ತಡವಾಗಿ ಬಂದವನನ್ನು ಗದರಿಸಿದರೆ ಪಾಪ ಮಾಡಿದಂತಾಗುತ್ತದೆ ಎಂದು ಗೊಣಗುತ್ತಿದ್ದ. ಜುಲಿಯಾನಾ ಕೇಳಿಸಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಮೂರನೆಯ ಮಗು ಹುಟ್ಟಿತು, ಎರಡು ವರ್ಷಕ್ಕೆ ನಾಲ್ಕನೆಯದು. ಅವಳ ಹಲ್ಲು ಎರಡು ಬಿದ್ದವು, ಕೂದಲು ತೆಳುವಾಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ತಾಯಿಯದು. ಕಾರ್ಮಿನ್ ಬಾಯಿ ತಮ್ಮ ಮಂಚದ ಎದುರಿನ ಗೋಡೆಗೆ ಪಟ ತೂಗುಹಾಕಿದ್ದರು. ಬೆಳಿಗ್ಗೆ ಎದ್ದು ಅದನ್ನು ಮಾತಾಡಿಸುತ್ತಿದ್ದರು, ಸಂಜೆ ಜಪಮಾಲೆಯ ತೇರ್ಸ ಮುಗಿಸಿದ ಮೇಲೆ ಇನ್ನೊಮ್ಮೆ. ಮಂಡಿ ನೋವು, ಲಿಗೋರಿಯ ಸಿಡುಕು, ಗಂಜಿಗೆ ಉಪ್ಪು ಕಡಿಮೆಯಾದದ್ದು, ಎಲ್ಲವನ್ನೂ ಸೆರಾ, ಸೆರಾ ಎಂದು ಅದಕ್ಕೆ ಹೇಳುತ್ತಿದ್ದರು. ಗಂಜಿ ಬೇಯಿಸಿದವಳು ಪಕ್ಕದ ಕೋಣೆಯಲ್ಲಿ ಮಗುವಿಗೆ ಹಾಲೂಡಿಸುತ್ತ ತನ್ನದೇ ಮುಖದ ಮುಂದೆ ತನ್ನ ಮೇಲಿನ ದೂರುಗಳನ್ನು ಕೇಳುತ್ತಿದ್ದಳು. ಒಂದು ದಿನ ಅಕ್ಕನನ್ನು ನೆನಪು ಮಾಡಿಕೊಳ್ಳಲು ಹೋದಾಗ ಅವಳಿಗೂ ಆ ಪಟವೇ ಕಣ್ಣಿಗೆ ಬಂತು. ಕಲೆ ಎಡಗೆನ್ನೆಯಲ್ಲಿ ಹೆಚ್ಚಿತ್ತೋ ಬಲಗೆನ್ನೆಯಲ್ಲೋ ನೆನಪಾಗಲಿಲ್ಲ.

1961ರ ಡಿಸೆಂಬರಿನಲ್ಲಿ ಪಿಕ್ಕಿಂಗ್ ನಡೆಯುತ್ತಿದ್ದಾಗ ಮಾರಿ ಮಗಳನ್ನು ಎತ್ತಿಕೊಂಡು ರೈಟರ ಮನೆಗೆ ಬಂದಳು. ಚಿನ್ನಳಿಗೆ ಆಗ ನಾಲ್ಕು ವರ್ಷ. ಐದು ದಿನದಿಂದ ಜ್ವರ. ತುಟಿ ನೀಲಿಯಾಗಿತ್ತು, ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಮಾರಿ ಸಮಾಧಿಯ ಮಣ್ಣು ಹಚ್ಚಿದ್ದಳು, ಪಟದ ಮುಂದೆ ಮೇಣದ ಬತ್ತಿ ಹಚ್ಚಿದ್ದಳು. ಆಸ್ಪತ್ರೆಗೆ ಹೋಗಿರಲಿಲ್ಲ.

"ರೈಟರಮ್ಮ, ನೀವು ಒಂದ್ಸಲ ಕೈ ಇಡಿ. ಅಷ್ಟೇ ಸಾಕು," ಎಂದಳು.

ಜುಲಿಯಾನಾಗೆ ಸಿಟ್ಟು ಬಂತು. ಇಷ್ಟು ದಿನ ಯಾಕೆ ಇಟ್ಟುಕೊಂಡು ಕೂತಿದ್ದೆ ಎಂದು ಬೈದಳು. ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಕಣದ ಕಡೆ ನಡೆದಳು. ಅಲ್ಲಿ ಕಾಫಿ ಮೂಟೆ ಹೇರುತ್ತಿದ್ದ ಲಾರಿ ನಿಂತಿತ್ತು. ಲಿಗೋರಿ ಅರ್ಧ ಲೋಡಿಗೆ ಕಳಿಸಲಾಗುವುದಿಲ್ಲ ಎಂದು ಹೇಳಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಸುಮ್ಮನಾದ. ಮೂಟೆಗಳ ಮೇಲೆ ಕೂತು ಹೆಂಗಸರಿಬ್ಬರೂ ವಿರಾಜಪೇಟೆಗೆ ಹೊರಟರು. ಮಗು ಜುಲಿಯಾನಾಳ ತೊಡೆಯ ಮೇಲಿತ್ತು.

ದಾರಿಯಲ್ಲಿ ಅವಳು ಹೇಳಿಬಿಟ್ಟಳು. ಆ ಪಟ ಅಕ್ಕನದ್ದಲ್ಲ, ತನ್ನದು, ಪಾದ್ರಿಗಳು ಕೇಳಿದರೆಂದು ಕೂತದ್ದು ಎಂದಳು. ಹೇಳಿ ಮಾರಿಯ ಮುಖ ನೋಡುವ ಧೈರ್ಯವಾಗದೆ ರಸ್ತೆ ನೋಡಿದಳು.

ಲಾರಿ ಒಂದು ತಿರುವು ದಾಟಿದ ಮೇಲೆ ಮಾರಿ ಹೇಳಿದಳು: "ನಾನು ಸಿಸ್ಟರಮ್ಮನ ಮುಖ ಸರಿಯಾಗಿ ನೋಡೇ ಇಲ್ಲಮ್ಮ. ಲೈನಲ್ಲಿ ಕತ್ತಲೆ, ನಂಗೆ ಜ್ವರ. ಕೈ ಗೊತ್ತು. ಬೈಗುಳ ಗೊತ್ತು. ಎರಡು ದಿನ ಬೈತಾನೇ ಇದ್ರು, ಉಸಿರು ಬಿಡ್ಬೇಡ, ಎಳ್ಕೋ, ಎಳ್ಕೋ ಅಂತ. ಮುಖ ಬೇಕಿತ್ತು, ಪಟ ಬಂತು, ಇಟ್ಕೊಂಡೆ."

ಮಗಳ ಕಾಲಿನ ಮೇಲೆ ಸೆರಗು ಹೊದಿಸಿ, "ಪಟದಲ್ಲಿರೋದು ನೀವೇ ಆದ್ರೆ ಒಳ್ಳೇದೇ ಆಯ್ತು. ನೀವೇ ಎತ್ಕೊಂಡಿದ್ದೀರಲ್ಲ," ಎಂದಳು.

ಜುಲಿಯಾನಾ ಮಗುವಿನ ತಲೆ ಲಾರಿಯ ಕುಲುಕಾಟಕ್ಕೆ ಹೊಡೆಯದಂತೆ ಅಂಗೈ ಕೊಟ್ಟು ಹಿಡಿದು ಕೂತಳು.

ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ಪೆನಿಸಿಲಿನ್ ಸೂಜಿ ಶುರು ಮಾಡಿದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಹನ್ನೊಂದು ದಿನದ ಮೇಲೆ ಚಿನ್ನ ನಡೆದುಕೊಂಡೇ ಲೈನಿಗೆ ಬಂದಳು. ರೈಟರಮ್ಮ ವಿರಾಜಪೇಟೆವರೆಗೂ ಮಗುವಿನ ತಲೆಯಿಂದ ಕೈ ತೆಗೆಯಲಿಲ್ಲ, ಅದಕ್ಕೇ ಬದುಕಿತು ಎಂದು ಲಾರಿಯ ಡ್ರೈವರು ಅಷ್ಟರಲ್ಲಿ ಊರಿಗೆಲ್ಲ ಹೇಳಿಯಾಗಿತ್ತು. ಮರುದಿನ ಬೆಳಿಗ್ಗೆ ಜುಲಿಯಾನಾ ಬಾಗಿಲು ತೆಗೆದಾಗ ಅಂಗಳದಲ್ಲಿ ಏಳು ಮಂದಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರು. ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. ಒಳಗೆ ತನ್ನ ಕೊನೆಯ ಮಗು ಅಳುತ್ತಿತ್ತು. ಒಬ್ಬೊಬ್ಬರನ್ನೂ ಕೇಳಿ, ಜ್ವರವಿದ್ದವರನ್ನು ಕಾನ್ವೆಂಟಿನ ದವಾಖಾನೆಗೆ, ತೀರಾ ಸೋತ ಒಂದು ಮಗುವನ್ನು ವಿರಾಜಪೇಟೆಗೆ ಕಳಿಸಿದಳು. ಅದು ಮುಗಿಯುವಾಗ ಹತ್ತು ಗಂಟೆ. ಬೇರೆ ಬೆಳಿಗ್ಗೆಗಳಲ್ಲೂ ಹಾಗೇ ಆಯಿತು.

ಈ ಸುದ್ದಿ ಬಿಷಪರವರೆಗೆ ಹೋಯಿತು. ಮುಂದಿನ ಮಾರ್ಚಿನಲ್ಲಿ ಫಾದರ್ ಅಂಬ್ರೋಸ್ ಎಂಬ ವಯಸ್ಸಾದ ಪಾದ್ರಿಯನ್ನು ಅವರು ಕಳಿಸಿದರು. ಸಿಸ್ಟರ್ ಬ್ರಿಜಿತ್ತಾಳನ್ನು ಸಂತರ ಸಾಲಿಗೆ ಸೇರಿಸಲು ಕೇಳಿಕೊಳ್ಳಬಹುದೇ, ವಿಚಾರಣೆ ಶುರು ಮಾಡುವಷ್ಟು ಆಧಾರ ಇದೆಯೇ ಎಂದು ತಿಳಿದು ಬರುವುದು ಅವರಿಗೆ ವಹಿಸಿದ ಕೆಲಸ. ಅವರು ಎಂಟು ದಿನ ಮದರ್ ಕ್ಲೋಟಿಲ್ಡಾರನ್ನು, ಮಾರಿಯನ್ನು, ಮೇಸ್ತ್ರಿಯನ್ನು, ಡಾಕ್ಟರನ್ನು ಮಾತಾಡಿಸಿ, ಒಂಬತ್ತನೆಯ ದಿನ ರೈಟರ ಮನೆಗೆ ಬಂದರು. ಕಾಲು ಊದಿಕೊಂಡಿತ್ತು. ಜುಲಿಯಾನಾ ಕೊಟ್ಟ ಸ್ಟೂಲಿನ ಮೇಲೆ ಕಾಲಿಟ್ಟು, ಮಡಿಲಲ್ಲಿ ದಪ್ಪ ಪುಸ್ತಕ ತೆರೆದುಕೊಂಡು ಕೂತರು. ಗೊತ್ತಿರುವುದನ್ನೆಲ್ಲ ಹೇಳಮ್ಮ, ಒಳ್ಳೆಯದಾಗಿ ಕಾಣಲಿ ಎಂದು ಏನನ್ನೂ ಸೇರಿಸಬೇಡ ಎಂದರು.

ಅವಳು ಎಲ್ಲವನ್ನೂ ಹೇಳಿದಳು. ಚಿನ್ನ ಬದುಕಿದ್ದು ಲಾರಿಯಿಂದ, ಸೂಜಿಯಿಂದ ಎಂದಳು. ಪಟದಲ್ಲಿರುವುದು ತಾನು ಎಂದಳು. ಅಕ್ಕ ಕೇಳಿದ್ದು ಒಂದು ಗಂಟೆ ನಿದ್ದೆ, ಅದನ್ನೂ ತಾನು ಕೊಡಲಿಲ್ಲ ಎಂದಳು. ಆಮೇಲೆ ಅಕ್ಕ ಎದ್ದು ಕೂತು ಹೇಳಿದ ಮಾತನ್ನು, ಸತ್ತ ಮೇಲಾದರೂ ಮಲಗಲು ಬಿಡುತ್ತೀರಾ ಎಂದದ್ದನ್ನು, ಒಂದಕ್ಷರ ಬಿಡದೆ ಹೇಳಿದಳು. ಐದು ವರ್ಷ ಒಳಗೇ ಇಟ್ಟುಕೊಂಡು ಆ ಮಾತು ಸವೆದುಹೋಗಿತ್ತು.

ಫಾದರ್ ಅಂಬ್ರೋಸ್ ಬರೆಯುವುದನ್ನು ನಿಲ್ಲಿಸಿದ್ದರು.

"ಹಾಗಂದು ಹೋದಳಾ?"

"ಹೋದಳು, ಫಾದರ್."

"ಸಿಟ್ಟಲ್ಲೇ?"

"ಸಿಟ್ಟಲ್ಲೇ. ಕೊಡೆ ಕೊಡೋಕೆ ಕರೆದೆ, ತಿರುಗಿ ನೋಡಲಿಲ್ಲ. ನಾನು ಎಬ್ಬಿಸದೇ ಇದ್ದಿದ್ರೆ ಇವತ್ತು ಇರ್ತಿದ್ದಳೋ ಏನೋ."

ಫಾದರ್ ಪೆನ್ನಿಗೆ ಶಾಯಿ ತುಂಬಿಸಿಕೊಂಡು, ಅವಳು ಹೇಳಿದ್ದನ್ನು ಮೊದಲಿನಿಂದ ನಿಧಾನವಾಗಿ ಬರೆದು ಓದಿ ಹೇಳಿದರು. ಕೊಡೆಯನ್ನೂ ಬಿಟ್ಟಿರಲಿಲ್ಲ. ಇದರಿಂದ ಕೆಲಸ ನಿಂತುಹೋಗಬಹುದು, ಸಹಿ ಹಾಕುವ ಮೊದಲು ಯೋಚಿಸು ಎಂದರು. ಅವಳು ಸಹಿ ಹಾಕಿದಳು. ಹೊರಡುವಾಗ 'ಇಷ್ಟು ದಿನ ಬರೆದುಕೊಂಡದ್ದರಲ್ಲಿ ನಾನು ನಿನ್ನ ಅಕ್ಕನನ್ನು ಕಂಡದ್ದು ಇಲ್ಲಿ ಮಾತ್ರ' ಎಂದರು. ಅದು ಮೆಚ್ಚುಗೆಯೋ ಬೇಸರವೋ ಅವಳಿಗೆ ತಿಳಿಯಲಿಲ್ಲ. ಮೆಟ್ಟಿಲು ಇಳಿಯುವಾಗ ಅವರಿಗೆ ಕೈಹಿಡಿದು ಸಹಾಯ ಮಾಡಿದಳು.

ಒಳಗೆ ಬಂದಾಗ ತಾಯಿ ಮಂಚದ ಮೇಲೆ ಎದ್ದು ಕೂತಿದ್ದರು. ತೆಳ್ಳನೆಯ ಗೋಡೆ, ಎಲ್ಲವೂ ಕೇಳಿಸಿರಬೇಕು. ಜುಲಿಯಾನಾ ಪಟದ ಕಡೆ ಕೈ ತೋರಿಸಿ, "ಮಾಂಯ್, ಅದು ನಾನು. ನಿಂಗೆ ಮರೆತುಹೋಗಿದೆ," ಎಂದಳು.

"ಯಾಕೆ ಮರೀಲಿ, ಬಾಯ್, ಮಗಳೇ?" ಎಂದರು ಕಾರ್ಮಿನ್ ಬಾಯಿ. "ಸ್ಟುಡಿಯೋಗೆ ನೀನು ಹೋದ ದಿನ ಮಕ್ಕಳನ್ನು ನೋಡಿಕೊಂಡವಳು ನಾನೇ ಅಲ್ವಾ? ಸೆರಾ ಬಂದ್ರೆ ನಿಂತಲ್ಲೇ ಹೊರಡ್ತಿದ್ದಳು. ನೀನು ಬೆಳಿಗ್ಗೆಯಿಂದ ರಾತ್ರಿವರೆಗೆ ಓಡಾಡ್ತೀ. ನನ್ನ ಮಕ್ಕಳಲ್ಲಿ ಕೂತು ಕೇಳೋದು ಅದೊಂದೇ."

ಜುಲಿಯಾನಾ ಮಂಚದ ತುದಿಯಲ್ಲಿ ಕೂತಳು. ಒಲೆಯ ಮೇಲೆ ಅಕ್ಕಿ ಇಟ್ಟಿದ್ದು ನೆನಪಿತ್ತು. ಅನ್ನ ತಳ ಹಿಡಿಯುವ ವಾಸನೆ ಬರುವವರೆಗೂ ಅವಳು ಏಳಲಿಲ್ಲ. ಅಷ್ಟರಲ್ಲಿ ತಾಯಿ ತಮ್ಮ ಮಂಡಿಯ ಬಗ್ಗೆ ಹೇಳಿದರು, ಮಂಗಳೂರಿನಲ್ಲಿದ್ದ ಒಬ್ಬ ಚಿಕ್ಕಮ್ಮನ ಬಗ್ಗೆ ಹೇಳಿದರು. ಸೆರಾ ಹುಟ್ಟಿದಾಗ ಕೂದಲೇ ಇರಲಿಲ್ಲ, ಸಿಡುಬು ಬಂದಾಗ ತುರಿಸಿಕೊಳ್ಳದಂತೆ ಎರಡೂ ಕೈ ಕಟ್ಟಿದ್ದೆ, ಬಲಗೈ ಬಿಚ್ಚಿಕೊಂಡು ಬಲಗೆನ್ನೆಯನ್ನೆಲ್ಲ ಕೆರೆದುಕೊಂಡಳು ಎಂದರು. ಜುಲಿಯಾನಾ ಅದನ್ನು ಎರಡು ಸಲ ಹೇಳಿಸಿಕೊಂಡಳು.

ಜೂನ್ ಹೊತ್ತಿಗೆ ಬಿಷಪರ ಕಡೆಯಿಂದ ಕಾಗದ ಬಂತು. ಸದ್ಯಕ್ಕೆ ವಿಚಾರಣೆಯನ್ನು ಮುಂದುವರಿಸುವುದಿಲ್ಲ, ಕರಪತ್ರವನ್ನೂ ಪಟವನ್ನೂ ಹಂಚಬಾರದು, ಜನ ತಮ್ಮಷ್ಟಕ್ಕೆ ಪ್ರಾರ್ಥನೆ ಮಾಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ ಎಂದು ಬರೆದಿತ್ತು. ಫಾದರ್ ಗ್ರಾಸಿಯನ್ ಅದನ್ನು ಪೂಜೆಯ ಕೊನೆಯಲ್ಲಿ ತಾವೇ ಓದಿದರು. ಓದಿ, ಪಟದ ವಿಷಯದಲ್ಲಿ ತಪ್ಪು ತಮ್ಮದು, ಬೇರೆ ಯಾರದ್ದೂ ಅಲ್ಲ ಎಂದು ಹೇಳಿದರು. ಆಮೇಲೆ ಬಹಳ ದಿನ ಅವರು ರೈಟರ ಮನೆಯ ಕಡೆ ಬರಲಿಲ್ಲ. ಲೈನುಗಳಲ್ಲಿ ಯಾರೂ ಪಟ ತೆಗೆಯಲಿಲ್ಲ. ಸಮಾಧಿಗೆ ಬರುವವರು ಬರುತ್ತಲೇ ಇದ್ದರು.

ಕಾರ್ಮಿನ್ ಬಾಯಿ ಆ ವರ್ಷದ ಕೊನೆಗೆ ತೀರಿಕೊಂಡರು. ಮರುವರ್ಷ ಲಿಗೋರಿಗೆ ಸಂಪಾಜೆ ಕಡೆಯ ಒಂದು ತೋಟದಲ್ಲಿ ಕೆಲಸ ಸಿಕ್ಕಿತು. ಹೋಗೋಣವೇ ಎಂದು ಅವನು ಕೇಳಿದ. ಹೆಂಡತಿಯನ್ನು ಅವನು ಹಾಗೆ ಕೇಳಿದ್ದು ಅಪರೂಪ. ಹೋಗೋಣ ಎಂದಳು. ಹೊಸ ಊರಿನಲ್ಲಿ ಅವಳನ್ನು ಯಾರೂ ತಿರುಗಿ ನೋಡಲಿಲ್ಲ. ಭಾನುವಾರ ಪೂಜೆಗೆ ಹೋದರೆ ಬೆಂಚಿನ ತುದಿಯಲ್ಲಿ ಎಲ್ಲರಂತೆ ಒತ್ತಿಕೊಂಡು ಕೂರಬೇಕಿತ್ತು.

ಅಲ್ಲಿಗೆ ಬಂದ ಮೊದಲ ಮಳೆಗಾಲದಲ್ಲಿ ಮಾರಿಯಿಂದ ಒಂದು ಕಾರ್ಡು ಬಂತು. ಅವಳಿಗೆ ಬರೆಯಲು ಬಾರದು, ಶಾಲೆಯ ಸುಲೋಚನಮ್ಮ ಟೀಚರ ಕೈಯಲ್ಲಿ ಬರೆಸಿದ್ದಳು. ಚಿನ್ನಳನ್ನು ಒಂದನೆಯ ಕ್ಲಾಸಿಗೆ ಸೇರಿಸಿದ್ದೇನೆ. ಮೇಸ್ತ್ರಿಯವರು ಅವಳನ್ನು ಮುಂದಿನ ಪಿಕ್ಕಿಂಗಿಗೆ ಕರೆದುಕೊಂಡು ಬಾ, ನೆಲಕ್ಕೆ ಬಿದ್ದ ಹಣ್ಣು ಹೆಕ್ಕಲಿ ಎನ್ನುತ್ತಿದ್ದಾರೆ. ನೀವು ಏನು ಹೇಳುತ್ತೀರಿ ಎಂದು ಕೇಳಿದ್ದಳು.

ಮಧ್ಯಾಹ್ನದ ಕೆಲಸ ಮುಗಿಸಿ ಜುಲಿಯಾನಾ ಉತ್ತರ ಬರೆಯಲು ಕೂತಳು. ಬರೆದು ಅಭ್ಯಾಸ ತಪ್ಪಿ ಅಕ್ಷರಗಳು ಒಂದರ ಮೇಲೊಂದು ಏರುತ್ತಿದ್ದವು. ಚಿನ್ನಳನ್ನು ಯಾವ ಪಿಕ್ಕಿಂಗಿಗೂ ಕಳಿಸಬೇಡ, ಯಾರು ಹೇಳಿದರೂ ಶಾಲೆ ಬಿಡಿಸಬೇಡ ಎಂದು ಬರೆದಳು. ಮೇಸ್ತ್ರಿಗೆ ಬೇಕಾದರೆ ನಾನು ಬರೆಯುತ್ತೇನೆ ಎಂದೂ ಸೇರಿಸಿದಳು. ಇನ್ನೂ ಅರ್ಧ ಕಾರ್ಡು ಖಾಲಿ ಇತ್ತು. ಮತ್ತೇನು ಬರೆಯುವುದು ಎಂದು ಯೋಚಿಸಿ ಇಲ್ಲಿ ಎಲ್ಲರೂ ಸೌಖ್ಯ ಎಂದು ಬರೆದು, ಮಳೆ ಕಡಿಮೆಯಾದ ಹೊತ್ತು ನೋಡಿ ಅಂಚೆ ಪೆಟ್ಟಿಗೆಗೆ ಹಾಕಲು ಹೊರಟಳು.